ಕೂರಿಸಿದ್ರಾ, ಮಲಗಿಸಿದ್ರಾ

ತನ್ನ ಹೊಸ ಮನೆಯ ಗೃಹಪ್ರವೇಶದ ಹಿಂದಿನ ದಿನ ಅಣ್ಣ ನಮ್ಮನ್ನು ಕರೆದುಕೊಂಡು ಹೋಗಿದ್ದು ಸಮಾಧಿಗೆ. ಅವ್ವನಿಗೆ ಹೇಳಿದ್ದು ಮಾತ್ರ ‘ಹಳೇ ಕಾಲದ ಗುಹೆ’ ಅಂತ.

ಅಣ್ಣ ಸ್ಕಂದ ಈ ಪರದೇಶದಲ್ಲಿ, ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ನಾನು ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ಪುಸ್ತಕ ಬಿಸಾಕಿದವನು, ಅತ್ಲೋನ್‌ನ ಇಂಡಿಯನ್ ಹೋಟೆಲಿನಲ್ಲಿ ತಂದೂರಿನ ಮುಂದೆ ನಿಲ್ಲುತ್ತೇನೆ. ಗುಂಡ್ಲುಪೇಟೆಯಿಂದ ಅವ್ವ ಬಂದು ತಿಂಗಳಾಗಿತ್ತು. ಸೋಮವಾರ ವಾಪಸು. ಇಷ್ಟರಲ್ಲಿ ಒಂದು ಸಲವೂ ಅವಳು ನನ್ನ ಮನೆ ನೋಡಿರಲಿಲ್ಲ. ನಾನು ಕರೆದಾಗೆಲ್ಲ ಅಣ್ಣನೇ ಅಡ್ಡ ಬರುತ್ತಿದ್ದ: ಅಡುಗೆಯವರೇ ತುಂಬಿಕೊಂಡಿರುವ ಬಾಡಿಗೆ ಮನೆ, ಅವ್ವ ಎಲ್ಲಿ ಕೂರಬೇಕು, ಬಾತ್‌ರೂಮಿಗೆ ಕ್ಯೂ ನಿಲ್ಲಬೇಕಾ? ಅವ್ವನಿಗೆ ಏನು ಬೇಕೆಂದು ಅವ್ವನನ್ನು ಕೇಳದೆ ಅವನೇ ತೀರ್ಮಾನಿಸುತ್ತಾನೆ. ನನಗೆ ಉರಿಯುವುದು ಅಲ್ಲೇ.

ಅವತ್ತು ಅಣ್ಣನ ಹಳೇ ಬಾಡಿಗೆ ಮನೆಯ ಕೀ ಮಾಲೀಕನ ಕೈಗೆ ಹೋಗಿತ್ತು. ಪೂಜೆಯಾಗದೆ ಹೊಸ ಮನೆಗೆ ಕಾಲಿಡುವಂತಿಲ್ಲ. ರಾತ್ರಿ ಸ್ನೇಹಿತರ ಮನೆಯಲ್ಲಿ ಮಲಗುವ ಏರ್ಪಾಡು. ಹಗಲು ಕಳೆಯಬೇಕಲ್ಲ, ತನ್ನ ಮಗಳು ತನ್ವಿಯ ಶಾಲೆ ಪ್ರಾಜೆಕ್ಟಿಗೂ ಆಗುತ್ತದೆಂದು ಮೀತ್ ಜಿಲ್ಲೆ ಕಡೆಯ ಗುಡ್ಡ ಹತ್ತಿಸಿದ.

ಮೇಲೆ ದೊಡ್ಡ ಕಲ್ಲುಗುಪ್ಪೆ. ಒಳಗೆ ಬಗ್ಗಿಕೊಂಡೇ ಹೋಗಬೇಕು. ಗೈಡ್ ಹುಡುಗಿ ಟಾರ್ಚ್ ಹಿಡಿದಳು. ಕಲ್ಲಿನ ಮೇಲೆಲ್ಲ ಸುರುಳಿಗಳು, ಸೂರ್ಯನಂಥ ಚಕ್ರಗಳು. ಅವ್ವ ಒಂದೊಂದರ ಮೇಲೂ ಬೆರಳಾಡಿಸಿದಳು, ರಂಗೋಲಿಯ ಎಳೆ ಎಲ್ಲಿ ಶುರುವಾಯಿತೆಂದು ಹುಡುಕುವವಳ ಹಾಗೆ. ಮೂಲೆಯಲ್ಲಿ ಅಗಲವಾದ ಒಂದು ಕಲ್ಲಿನ ತಟ್ಟೆ. ಗೈಡ್ ಅದನ್ನು ತೋರಿಸಿ ಏನೋ ಹೇಳಿದಳು. ಅವ್ವ ನನ್ನ ತೋಳು ಹಿಡಿದಳು.

“ಏನಂದ್ಲು?”

ಅಣ್ಣ ನನ್ನ ಕಿವಿಯಲ್ಲಿ, “ಹೇಳ್ಬೇಡ ಕಣೋ, ನಾಳೆ ಪೂಜೆಗೆ ಕೂರಲ್ಲ ಅಂತಾಳೆ” ಅಂದ.

ಹಾಗಂದದ್ದಕ್ಕೇ ಹೇಳಿದೆ. “ಇದು ಗುಹೆ ಅಲ್ಲ ಕಣವ್ವ. ಸಮಾಧಿ. ಐದು ಸಾವಿರ ವರ್ಷದ್ದು.”

ಅವ್ವ ಬೆಚ್ಚಿ ಹಿಂದೆ ಸರಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಇನ್ನಷ್ಟು ಬಗ್ಗಿ ಆ ತಟ್ಟೆಯನ್ನೇ ನೋಡಿದಳು.

“ಕೂರಿಸಿದ್ರಾ, ಮಲಗಿಸಿದ್ರಾ? ಕೇಳು.”

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ. ಅಪ್ಪನನ್ನೂ ಹಾಗೇ ಕೂರಿಸಿದ್ದು. ನಾನು ಕೇಳಿದೆ. ಗೈಡ್ ಹುಬ್ಬೇರಿಸಿ ನಕ್ಕಳು, ಇದನ್ನು ಈವರೆಗೆ ಯಾರೂ ಕೇಳಿಲ್ಲವಂತೆ. ಸುಟ್ಟು, ಉಳಿದ ಮೂಳೆಗಳನ್ನು ತಂದು ಇಲ್ಲಿ ಇಡುತ್ತಿದ್ದರಂತೆ. ಅವ್ವನಿಗೆ ಒಪ್ಪಿಗೆಯಾಗಲಿಲ್ಲ. ಸುಟ್ಟ ಮೇಲೆ ಇಷ್ಟು ದೊಡ್ಡ ಮನೆ ಯಾಕೆ, ಈ ಚಿತ್ರ ಯಾರು ನೋಡಲಿ ಅಂತ, ಮಕ್ಕಳನ್ನೂ ಇಲ್ಲೇ ತಂದರಾ? ನನ್ನ ಇಂಗ್ಲಿಷು ಸೋತಲ್ಲಿ ತನ್ವಿ ಸೇರಿಕೊಂಡಳು. ಎಷ್ಟೋ ಪ್ರಶ್ನೆಗೆ ಆ ಹುಡುಗಿ ಗೊತ್ತಿಲ್ಲವೆಂದೇ ಹೇಳಿದಳು. ಗೊತ್ತಿಲ್ಲ ಅನ್ನುವವರನ್ನು ಕಂಡರೆ ಅವ್ವನಿಗೆ ಇಷ್ಟ.

ಕೆಳಗಿಳಿದ ಮೇಲೆ ಅವ್ವ ಕಾರಿನ ಬಾಗಿಲ ಹತ್ತಿರವೇ ನಿಂತಳು. ಈಗ ಮೈಮೇಲೆ ನೀರು ಬೀಳಬೇಕು, ಅದಾಗದೆ ಯಾರ ಹೊಸಿಲೂ ತುಳಿಯುವುದಿಲ್ಲ ಅಂದಳು.

ತನ್ವಿ ಅವಳ ಸೆರಗು ಕೊಡವಿ, “ಯು ಆರ್ ಗ್ರ್ಯಾಂಡ್, ಅಜ್ಜಿ. ಏನೂ ಆಗಿಲ್ಲ, ಬರೀ ಡಸ್ಟ್ ಅಷ್ಟೇ” ಅಂದಳು.

ಸ್ನೇಹಿತರ ಮನೆಗೆ ಹೋಗಿ ಮೊದಲು ಸ್ನಾನವನ್ನೇ ಮಾಡಬಹುದೆಂದು ಅಣ್ಣ ಗೋಗರೆದ.

“ಇನ್ನೊಬ್ಬರ ಮನೆಗೆ ಮೈಲಿಗೆ ಹೊತ್ಕೊಂಡು ಹೋಗೋದೇನ್ಲಾ?” ಅವ್ವ ನನ್ನ ಕಡೆ ತಿರುಗಿದಳು. “ಮಾದೇವಂದು ಐತಲ್ಲ. ಮಗನ ಮನೆ. ನೆಟ್ಟಗೆ ಬಚ್ಚಲಿಗೆ ಹೋಗಿ ನೀರು ಹುಯ್ಕೊಂಡ್ರಾಯ್ತು.”

“ಅದು ಈ ಕಡೆ ಅಲ್ಲವ್ವ, ದೂರ” ಅಂದ ಅಣ್ಣ.

“ಇಲ್ಲೀಗಂಟ ಬಂದಿಲ್ವಾ?”

ಅಣ್ಣ ಸ್ಟಿಯರಿಂಗ್ ಮುಂದೆ ಕೂತ. ನಾನು ನನ್ನ ಮನೆಯಲ್ಲಿ ಜೊತೆಗಿರುವ ಅಡುಗೆಯವ ಶ್ರೀವತ್ಸನಿಗೆ ಫೋನ್ ಹಚ್ಚಿ ಬಾತ್‌ರೂಮ್ ತಿಕ್ಕಿಡಲು ಹೇಳಿದೆ. ಯಾರು ಬರುತ್ತಿದ್ದಾರೆ ಎಂದು ಕೇಳಿದ. ಅವ್ವ, ಅಂದೆ. ಅವನು ಫೋನಿಡುವ ಮೊದಲೇ ಬಕೆಟ್ ಎಳೆದ ಸದ್ದು ಕೇಳಿತು.

ಅಣ್ಣ ಫೋನಿನಲ್ಲಿ ಮ್ಯಾಪ್ ತೆರೆದ. ಕನ್ನಡಿಯಲ್ಲಿ ನನ್ನನ್ನು ನೋಡಿ, ಮೆಲ್ಲಗೆ, “ನಿನ್ ಅಡ್ರೆಸ್ ಏನೋ?” ಎಂದು ಕೇಳಿದ.

ಹೇಳಿದೆ.