ತೋಳಿನ ಉಣ್ಣೆ

ಒಲೆಯ ಮೇಲಿನ ನೀರಿಗಿಂತ ಮೊದಲು ಪುಟ್ಟಿಯೇ ಕುದಿಯುತ್ತಿದ್ದಳು. ಐವತ್ತು ದಾಟಿದ, ಮನೆಯಲ್ಲೇ ಪರದೆ ಹೊಲಿದುಕೊಂಡು ಬದುಕುವ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾಗದ ಹೆಂಗಸನ್ನು ಒಡಹುಟ್ಟಿದವರು ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಅದೂ ಒಂದು ಸಿಟ್ಟೇ. ಆದರೆ ಇವತ್ತಿನ ಸಿಟ್ಟು ಬೇರೆ. ಈಗಷ್ಟೇ ಅಣ್ಣ ಫೋನು ಮಾಡಿ ತೀರ್ಪು ಕೊಟ್ಟಿದ್ದ.

ಅಣ್ಣ ಅಂಚೆ ಕಚೇರಿಯಲ್ಲಿ ಗುಮಾಸ್ತ. ಆದರೆ ಚಿಕ್ಕಂದಿನಿಂದಲೂ ಯಾರೂ ಕೇಳದೆ ನ್ಯಾಯ ಹೇಳುವ ಚಾಳಿಯಿದ್ದುದರಿಂದ ತಂಗಿಯರಿಬ್ಬರೂ ಬೆನ್ನ ಹಿಂದೆ ಅವನನ್ನು ಜಡ್ಜ್ ಸಾಹೇಬರು ಎನ್ನುತ್ತಿದ್ದರು.

"ಅಮ್ಮನ ಸ್ವೆಟರು ಇಬ್ಬರಿಗೂ ಸೇರಿದ್ದು ಪುಟ್ಟೀ. ಅರ್ಧ ಅಕ್ಕನಿಗೆ ಕೊಟ್ಬಿಡು. ಮಧ್ಯಾಹ್ನ ಬರ್ತಾಳೆ."

"ಸ್ವೆಟರು ಎಲ್ಲಿದೆ ಅಣ್ಣ? ಬಿಚ್ಚಿ ಚೀಲ ಹೆಣೆದಾಯ್ತಲ್ಲ."

"ಅದಕ್ಕೇನಂತೆ, ಚೀಲಾನ ಬಿಚ್ಚು. ನೂಲು ತಾನೆ? ಎರಡು ಉಂಡೆ ಮಾಡಿ ಒಂದು ಕೊಡು."

ನೂಲು ತಾನೆ. ಪುಟ್ಟಿ ಫೋನನ್ನು ಹೊಲಿಗೆ ಯಂತ್ರದ ಮೇಲೆ ಕುಕ್ಕಿದಳು. ಅಮ್ಮ ಹಾಸಿಗೆ ಹಿಡಿದಾಗ ಅರ್ಧ ಅಮ್ಮನನ್ನು ಯಾರಾದರೂ ಕೇಳಿದ್ದರೇನು? ಮೈ ಒರೆಸಿದ್ದು, ಗಂಜಿ ಕುಡಿಸಿದ್ದು, ಹಾಸಿಗೆ ಬದಲಾಯಿಸಿದ್ದು ಎಲ್ಲವೂ ಇವಳ ಪಾಲಿಗೆ ಇಡಿಯಾಗಿಯೇ ಬಂದಿತ್ತು. ಗಣಿತದ ಟೀಚರಾಗಿದ್ದ ಅಕ್ಕ ರಜೆಗೊಮ್ಮೆ ಹಣ್ಣಿನ ಚೀಲ ಹಿಡಿದು ಬರುವಳು, ಕುರ್ಚಿಯಲ್ಲಿ ಕೂರುವಳು, ಅಮ್ಮನ ಕೈ ಸವರುವಳು, ಬಸ್ಸು ಹಿಡಿಯುವಳು. ಭಾಗಾಕಾರ ಅವಳಿಗೆ ನೆನಪಾದದ್ದು ಅಮ್ಮ ಹೋದ ಮೇಲೆ.

ಮಂಚದ ಮೇಲೆ ಚೀಲ ಬಿದ್ದಿತ್ತು. ನೋಡಿದವರು ನಗಬೇಕು, ಹಾಗಿತ್ತು. ದಪ್ಪ ಕಡ್ಡಿಗಳಲ್ಲಿ, ಬೆರಳು ತೂರುವಷ್ಟು ಸಡಿಲವಾದ ಕುಣಿಕೆಗಳಲ್ಲಿ ಹೆಣೆದ ಬೂದು ಬಣ್ಣದ ಗೋಣಿ. ಇಂಥ ಚೀಲವನ್ನು ಹೆಣೆಯುವುದೇ ಹಾಗೆ. ಆಮೇಲೆ ಬಿಸಿನೀರು, ಸೋಪು ಹಾಕಿ ತಿಕ್ಕಿದರೆ ಉಣ್ಣೆ ಕುಗ್ಗಿ, ಎಳೆಗೆ ಎಳೆ ಕಚ್ಚಿಕೊಂಡು ಕಂಬಳಿಯಂತೆ ಗಟ್ಟಿಯಾಗುತ್ತದೆ. ಕತ್ತರಿ, ಟೇಪು, ಸೀಮೆಸುಣ್ಣ ತುಂಬಿಕೊಂಡು ಕಿಟಕಿಗಳ ಅಳತೆಗೆ ಹೋಗುವಾಗ ಅಮ್ಮ ಹೆಗಲ ಮೇಲಿರಲಿ ಎಂಬುದು ಅವಳ ಆಸೆ.

ತಿಕ್ಕುವ ಕೆಲಸವನ್ನು ಭಾನುವಾರ ನಿಧಾನವಾಗಿ ಮಾಡುವ ಎಂದಿದ್ದಳು. ಈಗ ನಿಧಾನ ಯಾರಿಗೆ ಬೇಕು? ಒಮ್ಮೆ ಎಳೆಗಳು ಕಚ್ಚಿಕೊಂಡರೆ ಯಾವ ಜಡ್ಜೂ ಬಿಚ್ಚಿಸಲಾರ. ಬಚ್ಚಲಿನ ಟಬ್ಬಿಗೆ ಕುದಿನೀರು ಸುರಿದು, ಕೈಗೆ ರಬ್ಬರ್ ಗವಸು ಏರಿಸಿ, ಚೀಲವನ್ನು ಒಳಗೆ ಅದುಮಿದಳು.

ತಿಕ್ಕಿದಳು. ಇದು ಅರ್ಧ ಕೇಳಿದ್ದಕ್ಕೆ. ಹಿಂಡಿದಳು. ಇದು ಅಮ್ಮನಿಗೆ ಜ್ವರ ಬಂದಾಗ ಪರೀಕ್ಷೆಯ ನೆಪ ಹೇಳಿದ್ದಕ್ಕೆ. ಕಲ್ಲಿಗೆ ಬಡಿದಳು. ಇದು ನನಗೆ ಹೊಟ್ಟೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ಅಮ್ಮನ ಜೊತೆ ಸುಮ್ಮನೆ ಕೂತಿದ್ದು, ಆಮೇಲೆ ವರ್ಷವಿಡೀ 'ನಾನೂ ನೋಡ್ಕೊಂಡೆ' ಎಂದು ಸಾರಿಕೊಂಡು ತಿರುಗಿದ್ದಕ್ಕೆ. ನೀರು ಆರಿದರೆ ಮತ್ತೆ ಕಾಯಿಸಿ ಸುರಿದಳು. ಬೆನ್ನು ನೋಯಿತು, ಸಿಟ್ಟು ನೋಯಲಿಲ್ಲ. ಚೀಲದ ತಳ ಕೈಯಲ್ಲಿ ಬಿಗಿಯಾಗುತ್ತಾ ಬಂದ ಹಾಗೆ ಗೆದ್ದೆ ಎಂದುಕೊಂಡಳು.

ತಣ್ಣೀರಿನಲ್ಲಿ ಜಾಲಾಡಿಸಿ ಎತ್ತಿ ಹಿಡಿದಳು.

ಕೆಳಗಿನ ಅರ್ಧ ಕಂಬಳಿಯಂತೆ ಗಟ್ಟಿ, ಒಂದು ಕುಣಿಕೆಯೂ ಕಾಣದು. ಮೇಲಿನ ಅರ್ಧ ಮಾತ್ರ ಹೆಣೆದಾಗ ಹೇಗಿತ್ತೋ ಹಾಗೇ, ಜೋಲು ಜೋಲಾಗಿ, ಒದ್ದೆಯಾಗಿ ನೇತಾಡುತ್ತಿತ್ತು. ಕಿರಿದಾದ ಬುಡಕ್ಕೆ ಯಾರೋ ದೊಡ್ಡ ಲಂಗ ಹೊಲಿದಂತಿತ್ತು. ಅದೇ ಬಣ್ಣ, ಅದೇ ಸ್ವೆಟರು. ತಳಕ್ಕೆ ಸ್ವೆಟರಿನ ಮೈಯ ನೂಲು ಹಾಕಿದ್ದಳು, ಅದು ಮುಗಿದ ಮೇಲೆ ತೋಳುಗಳ ನೂಲು. ಆ ನೂಲು ಕುಗ್ಗಲು ಒಪ್ಪಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಅಕ್ಕ ಚಪ್ಪಲಿ ಬಿಟ್ಟು ಒಳಬಂದು, ಬಚ್ಚಲಿನ ಹೊಸಿಲಲ್ಲಿ ನಿಂತಳು. ಟಬ್ಬು ನೋಡಿದಳು, ತಂಗಿಯ ಕೆಂಪು ಮುಖ ನೋಡಿದಳು, ಚೀಲ ನೋಡಿದಳು.

"ನಾನು ಬರೋದ್ರೊಳಗೆ ಮುಗಿಸ್ಬೇಕು ಅಂತಾನಾ?"

"ಹೌದು. ಏನೀಗ? ತಗೋ, ಕತ್ತರಿಸ್ಕೊಂಡು ಹೋಗು ನಿನ್ನ ಅರ್ಧ."

"ಅರ್ಧ ಅಂದಿದ್ದು ಜಡ್ಜ್ ಸಾಹೇಬ್ರು. ನಾನು ಕೇಳಿದ್ದು ತೋಳು." ಅಕ್ಕ ಸಡಿಲವಾಗಿದ್ದ ಭಾಗವನ್ನು ಬೆರಳಲ್ಲಿ ಮುಟ್ಟಿದಳು. "ಇದು ಕುಗ್ಗಲ್ಲ ಪುಟ್ಟಿ. ಬಿಸಿನೀರಿಗೆ ಹಾಕಿದ್ರೂ ಕುಗ್ಗದ ಉಣ್ಣೆ ಕೊಡಿ ಅಂತ ಅಂಗಡಿ ಅಂಗಡಿ ತಿರುಗಿ, ಬಣ್ಣ ಹೊಂದಿಸಿ ತಂದಿದ್ದೆ."

"ನೀನಾ? ಯಾವಾಗ?"

"ನೀನು ಆಸ್ಪತ್ರೆಲಿದ್ದಾಗ. ಅಮ್ಮಂಗೆ ಆಗ್ಲೇ ಮರೆವು ಶುರುವಾಗಿತ್ತಲ್ಲ. ಸ್ವೆಟರು ಹಾಕ್ಕೊಂಡೇ ಬಿಸಿನೀರಲ್ಲಿ ಪಾತ್ರೆ ತೊಳೆದೂ ತೊಳೆದೂ ತೋಳೆಲ್ಲ ಕುಗ್ಗಿ ಹಲಗೆ ಥರ ಆಗಿತ್ತು. ಮೊಣಕೈ ಮಡಚೋಕೂ ಆಗ್ತಿರ್ಲಿಲ್ಲ ಅವಳಿಗೆ. ಕತ್ತರಿಸಿ ತೆಗೆದು ಹೊಸ ತೋಳು ಹೆಣೆದು ಹಾಕ್ದೆ. ನಂಗೆ ಹೆಣೆಯೋಕೆ ಸರಿಯಾಗಿ ಬರಲ್ಲ. ಅಮ್ಮನೇ ಪಕ್ಕದಲ್ಲಿ ಕೂತು ಹೇಳ್ಕೊಟ್ಲು. ಅಮ್ಮಂಗೆ ಅಂತ ನಾನು ಕೈಯಾರೆ ಮಾಡಿದ್ದು ಅದೊಂದೇ."

ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಂಗೆ?"

ಅಕ್ಕ ಬಗ್ಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಅದು ತೊಟ್ಟಿಕ್ಕುತ್ತಲೇ ಇತ್ತು.

"ಅಮ್ಮ ಹೇಳ್ಬೇಡ ಅಂದ್ಲು. ಮತ್ತೆ ನೀರಲ್ಲಿ ಅದ್ದಿದೆ ಅಂತ ಗೊತ್ತಾದ್ರೆ ಪುಟ್ಟಿ ಬೈತಾಳೆ ಅಂದ್ಲು."

ಪುಟ್ಟಿಗೆ ಒದ್ದೆ ತೋಳಿನ ಅಮ್ಮ ಸಿಂಕಿನ ಮುಂದೆ ನಿಂತಿದ್ದದ್ದು, ತಾನು ಹಿಂದಿನಿಂದ ಬಂದು 'ಎಷ್ಟು ಸಲ ಬಡ್ಕೋಬೇಕು ನಿಂಗೆ' ಎಂದು ಕಿರುಚಿದ್ದು, ಅಮ್ಮ ಕೈಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡದ್ದು ಕಣ್ಣಿಗೆ ಕಟ್ಟಿತು. ಒಂದು ಸಲವಲ್ಲ, ದಿನಾ. ಅಕ್ಕನ ಮೇಲಿನ ಸಿಟ್ಟು ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ತಿರುಗಿ ಇವಳನ್ನೇ ನೋಡಿತು.

ಗವಸು ಕಿತ್ತು ಟಬ್ಬಿಗೆಸೆದಳು. ಚೀಲದ ಬಾಯಿಯಲ್ಲಿ ತಾನೇ ಹಾಕಿದ್ದ ಕೊನೆಯ ಗಂಟನ್ನು ಹುಡುಕಿ, ಹಲ್ಲಿನಿಂದ ಕಚ್ಚಿ ಬಿಡಿಸಿದಳು. ನೂಲಿನ ತುದಿಯನ್ನು ಅಕ್ಕನ ಕೈಗೆ ತುರುಕಿ, ಮುಕ್ಕಾಲಿಯ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಗಳನ್ನು ಮುಂದೆ ಚಾಚಿದಳು.

"ಸುತ್ತು," ಎಂದಳು, ಬೈಯುವ ದನಿಯಲ್ಲೇ.

ಅಕ್ಕ ಎಳೆದಳು. ಕುಣಿಕೆಗಳು ಒಂದೊಂದಾಗಿ ಸಲೀಸಾಗಿ ಬಿಚ್ಚಿಕೊಂಡವು. ಒದ್ದೆ ನೂಲು ಪುಟ್ಟಿಯ ಎರಡು ಕೈಗಳ ನಡುವೆ ಸುತ್ತುತ್ತಾ ಹೋಯಿತು, ನೀರು ಮೊಣಕೈವರೆಗೂ ಇಳಿದು ಅವಳ ರವಿಕೆಯ ತೋಳುಗಳನ್ನು ನೆನೆಸಿತು. ಅವಳು ಒರೆಸಿಕೊಳ್ಳಲಿಲ್ಲ.