ಅತ್ತೆಯ ಹಲ್ಲು, ಅಳಿಯನ ಕಸುಬು

ಹೋಟೆಲುಗಳ ಜಿಡ್ಡಿನ ತೊಟ್ಟಿ ತೊಳೆಯುವುದು ಅಳಿಯನ ಕಸುಬು. ಅಡುಗೆಮನೆಯ ಸಿಂಕಿನಿಂದ ನೀರಿನ ಜೊತೆ ಎಣ್ಣೆ, ಕೊಬ್ಬು, ಎಂಜಲು ಎಲ್ಲವೂ ಹರಿಯುತ್ತವಲ್ಲ, ಅವು ಬೀದಿಯ ಚರಂಡಿ ಸೇರಿ ಕಟ್ಟಿಕೊಳ್ಳದಂತೆ ನಡುವೆ ತಡೆದು ನಿಲ್ಲಿಸುವ ಕಬ್ಬಿಣದ ತೊಟ್ಟಿ ಅದು. ತಿಂಗಳಿಗೊಮ್ಮೆ ಅದರ ಹೊಟ್ಟೆ ಖಾಲಿ ಮಾಡದಿದ್ದರೆ ತಾನೇ ವಾಂತಿ ಮಾಡಿಕೊಳ್ಳುತ್ತದೆ. ಹದಿನಾರು ವರ್ಷದಲ್ಲಿ ಅವನ ಮೂಗು ಎಷ್ಟು ಪಳಗಿತ್ತೆಂದರೆ, ಮುಚ್ಚಳ ತೆಗೆಯುವ ಮೊದಲೇ ಒಳಗಿನ ಲೆಕ್ಕ ಹೇಳುತ್ತಿದ್ದ.

ಅತ್ತೆ ಮಾತ್ರ ಕೇಳಿದವರಿಗೆಲ್ಲ, "ನಮ್ಮ ಅಳಿಯಂದಿರು ಎಣ್ಣೆ ವ್ಯವಹಾರದಲ್ಲಿದ್ದಾರೆ" ಎನ್ನುತ್ತಿದ್ದರು. ಸುಳ್ಳು ಎನ್ನುವಂತಿಲ್ಲ, ನಿಜ ಎನ್ನುವಂತೆಯೂ ಇಲ್ಲ. ಅವರ ಅಕ್ಕನಂತೂ ಫೋನಿನಲ್ಲಿ ಇದನ್ನು ಕೇಳಿ ಕೇಳಿ, ಅಳಿಯನಿಗೆ ಎರಡು ಹಡಗುಗಳಾದರೂ ಇರಬೇಕು ಎಂದುಕೊಂಡಿದ್ದರು. ಹನ್ನೆರಡು ವರ್ಷದ ಮೇಲೆ ಆ ಅಕ್ಕ, ಅಂದರೆ ಹೆಂಡತಿಯ ದೊಡ್ಡಮ್ಮ, ದೂರದ ಊರಿನಿಂದ ಬಂದಿಳಿದರು. ಅತ್ತೆ ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಬಿಳಿ ಮೇಜುಬಟ್ಟೆಯ ದೊಡ್ಡ ಹೋಟೆಲಿಗೆ ಹೊರಡಿಸಿದರು. ಅಳಿಯನಿಗೆ ಮೊದಲೇ ತಾಕೀತಾಗಿತ್ತು: "ಕಸುಬಿನ ಮಾತು ಎತ್ತಬೇಡಿ. ನಗ್ತಾ ಇರಿ, ಸಾಕು."

ಅತ್ತೆಗೆ ಇನ್ನೊಂದು ಗುಟ್ಟಿತ್ತು. ಎಪ್ಪತ್ತಾದರೂ ಒಂದು ಹಲ್ಲೂ ಅಲುಗಿಲ್ಲ ಎಂದು ಅಕ್ಕನೆದುರು ಜಂಬ ಕೊಚ್ಚಿದ್ದರು. ಮುಂದಿನ ನಾಲ್ಕು ಹಲ್ಲು ಡಾಕ್ಟರು ಕಟ್ಟಿಕೊಟ್ಟವು. ಊಟದ ನಡುವೆ ಅವು ಒಸಡು ಒತ್ತತೊಡಗಿದವು. ಅಕ್ಕ ಕೈ ತೊಳೆಯಲು ಎದ್ದ ಹೊತ್ತು ನೋಡಿ, ಮೆಲ್ಲಗೆ ತೆಗೆದು ಕಾಗದದ ಕರವಸ್ತ್ರದಲ್ಲಿ ಸುತ್ತಿ ತಟ್ಟೆಯ ಅಂಚಿಗಿಟ್ಟರು. ಬಡಿಸುವವನು ಬಂದ, ತಟ್ಟೆ ಎತ್ತಿಕೊಂಡು ಹೋದ.

ಹೆಂಡತಿ ಗಂಡನ ಕಿವಿಗೆ ಬಗ್ಗಿದಳು. "ರೀ, ಅಮ್ಮನ ಹಲ್ಲು ಹೋಯ್ತು."

"ಎಲ್ಲಿಗೆ?"

"ಅಡುಗೆಮನೆಗೆ!"

ಅಳಿಯ ಒಳಗೆ ಓಡುವಷ್ಟರಲ್ಲಿ ತಟ್ಟೆ ನಲ್ಲಿಯ ಕೆಳಗಿತ್ತು, ಹಲ್ಲು ಸಿಂಕಿನೊಳಗೆ ಇಳಿದಾಗಿತ್ತು. ನೀರು ಬೇಗ ಹೋಗಲಿ ಎಂದು ಸಿಂಕಿನ ಜಾಲರಿಯನ್ನೇ ಕಿತ್ತಿಟ್ಟಿದ್ದರು.

"ನಲ್ಲಿ ನಿಲ್ಸಿ! ಎಲ್ಲಾ ನಲ್ಲಿ ನಿಲ್ಸಿ!" ಎಂದು ಅವನು ಕೂಗಿದ ಧಾಟಿಗೆ ದಪ್ಪ ಮೀಸೆಯ ಬಾಣಸಿಗನೂ ಸೌಟು ಕೆಳಗಿಟ್ಟ.

"ತೊಟ್ಟಿ ಎಲ್ಲಿ?"

"ಹಿಂದೆ ಇದೆ ಸಾರ್. ಕ್ಲೀನಾಗಿಯೇ ಇದೆ."

ಅಳಿಯ ಒಮ್ಮೆ ಮೂಗೆಳೆದ. "ಕ್ಲೀನ್ ಮಾಡಿ ಐದು ತಿಂಗಳಾಗಿದೆ."

"ಅಯ್ಯೋ, ಅಷ್ಟಿಲ್ಲ ಸಾರ್," ಬಾಣಸಿಗ ಮೀಸೆ ಸವರಿಕೊಂಡ. "ನಾಲ್ಕೂವರೆ."

ಕಾರಿನಿಂದ ಗಂಬೂಟು, ಮೊಣಕೈವರೆಗಿನ ಗವಸು, ಜರಡಿ ಬಂದವು. ಇಸ್ತ್ರಿಯ ಅಂಗಿ ಮೊಳೆಗೆ ನೇತುಬಿತ್ತು. ಮುಚ್ಚಳ ಎತ್ತಿದ್ದೇ ತಡ, ಪಾತ್ರೆ ತೊಳೆಯುವವರು ಒಬ್ಬರಿಗೊಬ್ಬರು ದಾರಿ ಬಿಡದೆ ಬಾಗಿಲಲ್ಲಿ ಸಿಕ್ಕಿಕೊಂಡರು. ಮೇಲೆ ಗೇಣು ದಪ್ಪದ ಕೊಬ್ಬು, ತಿಂಗಳುಗಟ್ಟಲೆ ಕೂತ ಮೇಣದಂತೆ ಬಿಗಿದಿತ್ತು. ಅವನು ಅದನ್ನು ಕತ್ತರಿಸಿ ಕತ್ತರಿಸಿ ಡ್ರಮ್ಮಿಗೆ ತುಂಬಿದ.

"ಬಿದ್ದಿದ್ದು ಅದಕ್ಕೆ ಅಂಟ್ಕೊಂಡಿರಲ್ವಾ?" ಹಿಂದಿನಿಂದ ಯಾರೋ ಕೇಳಿದರು.

"ಇಲ್ಲ, ಕೊಬ್ಬು ತೇಲುತ್ತೆ, ಹಲ್ಲು ಮುಳುಗುತ್ತೆ. ನೀರು ಬಂದು ಬೀಳೋ ಮೊದಲ ಅಂಕಣದ ತಳದಲ್ಲೇ ಇರಬೇಕು" ಎಂದು ತಿರುಗಿ ನೋಡಿದರೆ, ದೊಡ್ಡಮ್ಮ! ಅವರ ಬೆನ್ನಿಗೆ, ಬಾಯಿಗೆ ಅಂಗೈ ಒತ್ತಿಕೊಂಡು ಏದುಸಿರು ಬಿಡುತ್ತಿದ್ದ ಅತ್ತೆ. ಅಳಿಯನಿಗೆ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

"ಇದೇನೇ ನಿನ್ನ ಎಣ್ಣೆ ವ್ಯವಹಾರ?" ದೊಡ್ಡಮ್ಮ ತಂಗಿಯ ಕಡೆ ತಿರುಗಿದರು.

"ಎಣ್ಣೆ ಅಲ್ವಾ ಮತ್ತೆ? ಫುಮ್ಮನೆ ಫುಳ್ಳು ಹೇಳ್ತೀನಾ?" ಸಿಟ್ಟಿನಲ್ಲಿ ಅಂಗೈ ಜಾರಿತು. ಒಂದೇ ಏಟಿಗೆ ಎರಡು ಗುಟ್ಟೂ ರಟ್ಟಾದವು.

ದೊಡ್ಡಮ್ಮ ನಗಲಿಲ್ಲ. ಅವರ ಕಣ್ಣು ತೊಟ್ಟಿಯ ಮೇಲಿತ್ತು. ಕಪಾಟಿನ ಮೇಲಿದ್ದ ಟಾರ್ಚು ತೆಗೆದುಕೊಂಡು ಅಳಿಯನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. "ಈ ಅಡ್ಡಗೋಡೆ ಯಾಕಪ್ಪ?" ಎಂದರು. ಅವನು ಹೇಳಿದ. "ತೆಗೆದ ಕೊಬ್ಬು ಏನು ಮಾಡ್ತೀರಿ?" ಎಂದರು. ಅದನ್ನೂ ಹೇಳಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮನೆಯವರು ಯಾರೂ ಅವನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಈಗ ಕಟ್ಟೆಯೊಡೆದಂತಾಯಿತು. ಬಿಸಿನೀರು ಸುರಿದು ಜಿಡ್ಡು ಕರಗಿಸಿದೆವು ಎಂದು ಬೀಗುವ ಬುದ್ಧಿವಂತರ ಕಥೆ, ಆ ಜಿಡ್ಡು ಮುಂದಿನ ತಿರುವಿನಲ್ಲಿ ಮತ್ತೆ ಗಟ್ಟಿಯಾಗಿ ಇಡೀ ಬೀದಿಯನ್ನು ಮುಳುಗಿಸಿದ ಕಥೆ, ಒಂದರ ಮೇಲೊಂದು ಹೊರಬಂದವು. ಬಾಯಿ ಆಡುತ್ತಿದ್ದರೂ ಕೈ ನಿಲ್ಲಲಿಲ್ಲ. ತಳದ ಕೆಸರು ಜರಡಿಗೆ ಬಂತು. ಹನ್ನೊಂದು ಚಮಚ, ಒಂದು ಬಾಟಲಿ ಓಪನರು, ಬಾಣಸಿಗ ಕಳ್ಳತನವಾಯಿತೆಂದು ಮೂವರ ಮೇಲೆ ಗುಮಾನಿ ಪಟ್ಟಿದ್ದ ಪುಟ್ಟ ಚಾಕು, ಕೊನೆಗೆ ನಾಲ್ಕು ಹಲ್ಲು.

"ಫಿಕ್ತಾ?" ಅತ್ತೆ ಕುಣಿದಾಡಿದರು.

ಬಾಣಸಿಗ ಹಲ್ಲನ್ನು ಸೋಪುನೀರಲ್ಲಿ ಉಜ್ಜಿ, ಮೂರು ಸಲ ತೊಳೆದು, ಬಿಳಿ ಬಟ್ಟಲಲ್ಲಿಟ್ಟು ಎರಡೂ ಕೈಯಿಂದ ಒಪ್ಪಿಸಿದ. ಅತ್ತೆ ನೋಡಿದರು, ಮೂಸಿದರು, ಕೈಚೀಲಕ್ಕೆ ಹಾಕಿಕೊಂಡರು. ಡಾಕ್ಟರು ಕುದಿಸಿ ಕೊಡುವವರೆಗೆ ಬಾಯಿಗಿಡುವುದಿಲ್ಲ ಎಂದು ಆಣೆ ಮಾಡಿದರು.

ಕೈಕಾಲು ತೊಳೆದು ಅಂಗಿ ಏರಿಸಿಕೊಂಡು ಬಂದಾಗ ಅವನ ಊಟ ಆರಿ ತಣ್ಣಗಾಗಿತ್ತು. ಎಷ್ಟು ತೊಳೆದರೂ ಗವಸಿನೊಳಗಿನ ವಾಸನೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹೆಂಡತಿ ಪಾಪ, ನಗುತ್ತಲೇ ಕುರ್ಚಿಯನ್ನು ಒಂದು ಮೊಳ ಆಚೆ ಸರಿಸಿದಳು. ದೊಡ್ಡಮ್ಮ ಇನ್ನೂ ಆ ಅಡ್ಡಗೋಡೆಯ ಗುಂಗಿನಲ್ಲೇ ಇದ್ದರು. "ಅಲ್ಲಪ್ಪ, ತಳದ ಕೆಸರು ತಾನಾಗಿಯೇ ಹರಿದು ಹೋಗಲ್ವಾ?"

ಅಳಿಯನ ಬಾಯಿತುಂಬ ಅನ್ನವಿತ್ತು. ಅತ್ತೆ ತಮ್ಮ ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕಕ್ಕೇ ಬಂದು ಕೂತರು. ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದಿದ್ದರು, ಇನ್ನೊಂದರಲ್ಲಿ ಅವನ ಲೋಟಕ್ಕೆ ನೀರು ಬಗ್ಗಿಸಿದರು.

"ಅದು ಹೇಗೆ ಹೋಗುತ್ತೆ ಅಕ್ಕ?" ಎಂದರು. "ಕೆಫರು ಭಾರ ಅಲ್ವಾ? ಅವರು ಉಣ್ಣಲಿ, ನಾನು ಹೇಳ್ತೀನಿ ಕೇಳು."