ಎಣ್ಣೆ ಬಿಸಿಯಾಗುವ ತನಕ

“ಪುಟ್ಟಿ ರೀ ಇದು, ಪುಟ್ಟಿ! ಗುದ್ದಿದ ತಗ್ಗು ಮುಚ್ಚೋಕೆ ಡಿಕ್ಕಿ ಮುಚ್ಚಳದ ತುಂಬಾ ಮೆತ್ತಿದ್ದೀರಿ! ಯಾರ ಕಿವಿಗೆ ಹೂ ಇಡೋಕೆ ಹೊರಟಿದ್ದೀರಿ?”

ಕೊರ್ಬಿನಿಯನ್ ಕೂಗಿದ ರಭಸಕ್ಕೆ ಅಂಗಳದ ಕೋಳಿಗಳು ಸೌದೆ ರಾಶಿಯ ಹಿಂದಕ್ಕೆ ಓಡಿದವು. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವೊಂದನ್ನು ಅವನು ಪಿಸ್ತೂಲಿನಂತೆ ಹಿಡಿದುಕೊಂಡಿದ್ದ. ಅದರ ಮುಂದೆ ನಿಂತಿದ್ದುದು ಸಾವಿರದ ಒಂಬೈನೂರ ಎಂಬತ್ತೆಂಟರ ಬಿಎಂಡಬ್ಲ್ಯು ಎಂ3. ಗೋರಂಟಿ ಕೆಂಪು. ಇಪ್ಪತ್ತು ವರ್ಷ ಹಳೆಯದು ಅಂದರೆ ಯಾರೂ ನಂಬುವ ಹಾಗಿರಲಿಲ್ಲ.

“ಮಾತು ಹಿಡಿತದಲ್ಲಿರಲಿ ಸ್ವಾಮಿ,” ಅಂದರು ಕ್ವಿರಿನ್ ಹಾಸಲ್‌ಬೆಕ್. ಕಾರು ಅವರದು. ವಯಸ್ಸು ಎಪ್ಪತ್ತೆರಡು, ಬೆನ್ನು ಮಾತ್ರ ಗಳದ ಹಾಗೆ ನೆಟ್ಟಗೆ. ಬಿಯರಿಗೆ ಹಾಕುವ ಹಾಪ್ಸ್ ಹೂ ಒಣಗಿಸುವ ಯಂತ್ರಗಳನ್ನು ರಿಪೇರಿ ಮಾಡಿಕೊಂಡೇ ಜೀವನ ಸವೆಸಿದ ಕೈಗಳನ್ನು ಈಗ ಸಿಟ್ಟಿಗೆ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದರು.

“ಏನು ಹಿಡಿತ? ಬಾಗಿಲ ಮೇಲೆ ಇಟ್ರೆ ಯಂತ್ರ ಅಂಕಿ ತೋರಿಸುತ್ತೆ. ಬಾನೆಟ್ ಮೇಲೆ ತೋರಿಸುತ್ತೆ. ಇಲ್ಲಿಟ್ರೆ ಸತ್ತು ಬಿದ್ದಿರುತ್ತೆ. ಅಂದ್ರೆ ಕೆಳಗೆ ತಗಡೇ ಇಲ್ಲ. ಹಿಂದಿನಿಂದ ಯಾರೋ ಗುದ್ದಿದ್ದಾರೆ, ನೀವು ಮೆತ್ತಿ ಬಣ್ಣ ಹೊಡೆಸಿದ್ದೀರಿ. ಇಪ್ಪತ್ತಾರು ವರ್ಷದಿಂದ ಹಳೇ ಕಾರು ಮಾರ್ತಿರೋನು ನಾನು! ಬುರ್ಗಿ, ನಡಿ ಹೋಗೋಣ. ಇಲ್ಲಾಂದ್ರೆ ಇವರು ಹದಿನಾಲ್ಕು ಸಾವಿರ ಯೂರೋಗೆ ಇಳೀಬೇಕು.”

ತಂಗಿ ಬುರ್ಗಿ ಕದಲಲಿಲ್ಲ. ಅವಳಿಗೆ ನಲವತ್ತೊಂಬತ್ತು. ಇಪ್ಪತ್ತೆರಡು ವರ್ಷದಿಂದ ಜರ್ಮನಿಯ ಲಾಂಡ್ಸ್‌ಹೂಟ್ ಊರಿನ ಬಸ್ಸು ಓಡಿಸುತ್ತಿದ್ದಳು. ಈ ಜಾತಿಯ ಕಾರೊಂದು ಬೇಕೆಂದು ಮೂರು ವರ್ಷದಿಂದ ಹುಡುಕಿದ್ದಳು. ಹನ್ನೊಂದು ಕಾರು ನೋಡಿ ಹನ್ನೊಂದನ್ನೂ ಬಿಟ್ಟು ಬಂದಿದ್ದಳು. ಒಂದಕ್ಕೆ ತುಕ್ಕು, ಒಂದಕ್ಕೆ ಬೇರೆ ಎಂಜಿನ್, ಒಂದರ ಮಾಲೀಕ ಮಹಾ ಸುಳ್ಳ. ಇದು ಹನ್ನೆರಡನೆಯದು. ಬೆಳಿಗ್ಗೆ ಬಂದವಳೇ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟಿದ್ದಳು. ತಣ್ಣಗಿತ್ತು. ಗಿರಾಕಿ ಬರುವ ಮುಂಚೆ ಎಂಜಿನ್ ಬಿಸಿ ಮಾಡಿ ಅದರ ಕೆಮ್ಮು ಮುಚ್ಚಿಡುವ ಪೈಕಿಯಲ್ಲ ಈ ಮುದುಕ ಅಂತ ಆಗಲೇ ಅವಳಿಗೆ ಗೊತ್ತಾಗಿತ್ತು. ಆಮೇಲೆ ಅವರು ದಪ್ಪದೊಂದು ಕಡತ ತಂದು ಅವಳ ಕೈಗಿಟ್ಟಿದ್ದರು. ಪ್ರತಿ ಸರ್ವಿಸ್‌ನ ಮುದ್ರೆ, ಪ್ರತಿ ಟೈರಿನ ರಸೀದಿ. ಆಲಿಕಲ್ಲು ಮಳೆಯಲ್ಲಿ ಬಾನೆಟ್ ತಗ್ಗಾದದ್ದು, ಸರಿಮಾಡಿಸಿದ್ದು, ಅದರ ಫೋಟೋ ಸಹ.

ಕಣ್ಣಿನ ಡಾಕ್ಟರು ಇನ್ನು ಓಡಿಸಬೇಡಿ ಅಂದಿದ್ದಕ್ಕೆ ಮಾರುತ್ತಿದ್ದಾರೆ, ಅಷ್ಟೆ. ಬಂದ ನಾಲ್ಕು ಗಿರಾಕಿಗಳನ್ನು ಬರಿಗೈಲಿ ಕಳಿಸಿದ್ದರು. ದುಡ್ಡು ಸಾಲದೆ ಅಲ್ಲ, ಅವರು ಓಡಿಸುವ ಕೈ ಹಿಡಿಸದೆ.

ಅಣ್ಣನ ಬಾಯಿಂದಾಗಿ ತಾನು ಐದನೆಯವಳಾಗುತ್ತೇನೆ ಅಂತ ಬುರ್ಗಿಗೆ ಅನ್ನಿಸಿತು. ಅವನನ್ನು ಕರೆತಂದವಳು ಅವಳೇ. ಅಪ್ಪನ ಗ್ಯಾರೇಜು ಅವನಿಗೆ ಹೋಯಿತು, ಕಾರಿನ ವಿಚಾರದಲ್ಲಿ ಕೊನೆಯ ಮಾತು ಆಡುವ ಹಕ್ಕೂ ಅವನಿಗೇ ಹೋಯಿತು. ಮನೆಯಲ್ಲಿ ಹಾಗೇ ನಡೆದುಬಂದಿತ್ತು. ಅವನು ಮಾತಾಡಿದರೆ ಅವಳು ಸುಮ್ಮನಿರುವುದೂ ಹಾಗೇ.

ಆದರೆ ಡಿಕ್ಕಿ ಮುಚ್ಚಳದ ವಿಷಯ ಅವಳಿಗೆ ಗೊತ್ತಿತ್ತು.

“ಅದು ಪುಟ್ಟಿ ಅಲ್ಲಣ್ಣ,” ಅಂದಳು. “ಕಾರ್ಖಾನೆಯಿಂದಲೇ ಪ್ಲಾಸ್ಟಿಕ್. ಭಾರ ಕಡಿಮೆ ಆಗಲಿ ಅಂತ ಎಂ3ಗೆ ಮುಚ್ಚಳ ಹಾಗೇ ಮಾಡಿದ್ದಾರೆ. ತಗಡಿದ್ದರೆ ತಾನೇ ನಿನ್ನ ಯಂತ್ರ ಮಾತಾಡೋದು?”

ಬಾಗಿಲಲ್ಲಿ ನಿಂತಿದ್ದ ಹಾಸಲ್‌ಬೆಕ್ ಅವರ ಹೆಂಡತಿ ಆಫ್ರಾ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ಯಾರು ಹೇಳಿದ್ದು ನಿನಗೆ?” ಅಂದ ಕೊರ್ಬಿನಿಯನ್.

“ಪುಸ್ತಕ ಹೇಳಿತು. ಸಂತೆಯಲ್ಲಿ ಇದರ ಹಳೇ ರಿಪೇರಿ ಪುಸ್ತಕ ಸಿಕ್ಕಿತ್ತು. ಮೂರು ಚಳಿಗಾಲ ಓದಿದ್ದೀನಿ.”

“ಪುಸ್ತಕ!” ಅಂತ ಅವನು ಆಕಾಶ ನೋಡಿದ. “ಪುಸ್ತಕ ಓದಿ ಈಜು ಕಲಿತವಳು! ಕೀಲಿ ಕೊಡಿ ರೀ. ಓಡಿಸಿ ನೋಡಿದ್ರೆ ಎರಡು ನಿಮಿಷದಲ್ಲಿ ಇದರ ಬಂಡವಾಳ ಬಯಲಾಗುತ್ತೆ.”

ಹಾಸಲ್‌ಬೆಕ್ ಬುರ್ಗಿಯ ಮುಖ ನೋಡಿದರು. ಅವಳು ನೆಲ ನೋಡಿದಳು. ಅದೊಂದು ತಪ್ಪಿಗೆ ಆಮೇಲೆ ಅವಳು ತನ್ನನ್ನು ತಾನೇ ಬೈದುಕೊಂಡಳು. ಮುದುಕ ನಿಧಾನವಾಗಿ ಕೀಲಿ ಚಾಚಿದರು.

“ಗೇರಿನ ವಿಚಾರ ಸ್ವಲ್ಪ ಕೇಳಿ, ಇದರಲ್ಲಿ—”

“ನನಗೆ ಗೇರು ಹೇಳಿಕೊಡ್ತೀರಾ ಅಜ್ಜಾ?”

ಅವನು ಧೊಪ್ಪನೆ ಕೂತ, ಎಂಜಿನ್ ಶುರುಮಾಡಿದ, ತಣ್ಣನೆಯ ಎಂಜಿನ್ನನ್ನು ಎರಡು ಸಲ ಕಿರುಚಿಸಿದ. ಆ ಸದ್ದಿಗೆ ಹಾಸಲ್‌ಬೆಕ್ ತಮ್ಮ ಹಲ್ಲನ್ನೇ ಯಾರೋ ಕಿತ್ತಂತೆ ಮುಖ ಹಿಂಡಿದರು. ಕೊರ್ಬಿನಿಯನ್ ಗೇರಿನ ಕೋಲನ್ನು ಎಡಕ್ಕೆಳೆದು ಮುಂದಕ್ಕೆ ತಳ್ಳಿದ. ಲೋಕದ ಎಲ್ಲ ಕಾರಿನಲ್ಲೂ ಮೊದಲನೆಯ ಗೇರು ಇರುವ ಜಾಗ ಅದು. ಈ ಕಾರಿನಲ್ಲಿ ಅಲ್ಲ. ಪಂದ್ಯಕ್ಕೆಂದು ಮಾಡಿದ ಈ ಗೇರು ಪೆಟ್ಟಿಗೆಯಲ್ಲಿ ಮೊದಲನೆಯದು ಎಡಕ್ಕೆ, ಕೆಳಗೆ. ಮೇಲಿರುವುದು ರಿವರ್ಸು.

ಗೇಟಿನ ಕಡೆ ಮುಖ ಮಾಡಿ ಗತ್ತಿನಿಂದ ಕ್ಲಚ್ ಬಿಟ್ಟವನು ಹಿಂದಕ್ಕೆ ನೆಗೆದ. ಕೋಳಿಗಳು ಮತ್ತೆ ಚದುರಿದವು. ಆಫ್ರಾ “ಅಯ್ಯೋ ದೇವರೇ!” ಅಂದಳು. ಬ್ರೇಕು ಕೀಚಲಿಟ್ಟು ಕಾರು ನಿಂತಾಗ, ಆ ಪ್ಲಾಸ್ಟಿಕ್ ಮುಚ್ಚಳಕ್ಕೂ ಸೌದೆ ರಾಶಿಗೂ ನಡುವೆ ಒಂದು ಗೇಣು ಉಳಿದಿತ್ತು.

ಹಾಸಲ್‌ಬೆಕ್ ಬಾಗಿಲು ತೆಗೆದರು. “ಇಳೀರಿ.”

“ಇದೆಂಥ ದರಿದ್ರ ಗೇರು—”

“ಇಳೀರಿ ಅಂದೆ.”

ಇಳಿದ. ಮುದುಕ ಎಂಜಿನ್ ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು. ಅಲ್ಲಿಗೆ ವ್ಯಾಪಾರ ಮುಗಿಯಿತು ಅಂತ ಎಲ್ಲರಿಗೂ ಗೊತ್ತಾಯಿತು. ಅವರು ಮನೆಯ ಕಡೆ ಎರಡು ಹೆಜ್ಜೆ ಇಟ್ಟೂ ಆಗಿತ್ತು.

“ಹಾಸಲ್‌ಬೆಕ್ ಅವರೇ,” ಅಂದಳು ಬುರ್ಗಿ. ಧ್ವನಿ ತನಗೇ ಗೊತ್ತಿಲ್ಲದ ಹಾಗೆ ಜೋರಾಗಿತ್ತು. “ಕಾರು ಕೊಳ್ಳೋಕೆ ಬಂದವಳು ನಾನು. ಓಡಿಸಬೇಕಾದವಳೂ ನಾನೇ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು. ಹತ್ತು ನಿಮಿಷ ಕೊಡಿ. ಹಿಡಿಸದಿದ್ರೆ ನಡುದಾರಿಯಲ್ಲೇ ಇಳಿಸಿಬಿಡಿ, ನಡೆದು ಬರ್ತೀನಿ.”

“ಇವಳು ಬಸ್ ಡ್ರೈವರ್ ಅಜ್ಜಾ,” ಅಂದ ಕೊರ್ಬಿನಿಯನ್, ಬೆವರೊರೆಸಿಕೊಳ್ಳುತ್ತಾ. “ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ ಮುದುಕಿಯರನ್ನ ಹತ್ತಿಸ್ಕೊತಾಳೆ, ನೋಡ್ತಿರಿ.”

ಹಾಸಲ್‌ಬೆಕ್ ಅವನ ಕಡೆ ತಿರುಗಲಿಲ್ಲ. ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಗೆ ಹಾಕಿ, ತಾವು ಪಕ್ಕದ ಸೀಟಿನಲ್ಲಿ ಕೂತರು.

ಬುರ್ಗಿ ಸೀಟು ಸರಿಮಾಡಿಕೊಂಡಳು, ಕನ್ನಡಿ ಸರಿಮಾಡಿಕೊಂಡಳು, ಬೆಲ್ಟು ಎಳೆದಳು. ಎಡಕ್ಕೆ, ಕೆಳಗೆ. ಕಾರು ನೀರಿನ ಮೇಲೆ ದೋಣಿ ಬಿಟ್ಟಂತೆ ಅಂಗಳ ದಾಟಿತು.

ಹಾಪ್ಸ್ ಕೊಯ್ಲು ಮುಗಿಯುತ್ತಾ ಬಂದಿತ್ತು. ಗುಡ್ಡಗಳ ಮೇಲೆ ಬಳ್ಳಿ ಕಳಚಿಕೊಂಡ ಎತ್ತರದ ಕಂಬಗಳಷ್ಟೇ ನಿಂತಿದ್ದವು, ಗಾಳಿಯೆಲ್ಲ ಕಹಿ ಘಮಲು. ಬೇಕರಿಯ ತಿರುವು ದಾಟಿದ ಮೇಲೆ ರಸ್ತೆ ನೇರ, ಎದುರಿನಿಂದ ಯಾರೂ ಇಲ್ಲ. ಬುರ್ಗಿ ಎಂಜಿನ್ನನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ಮೀರಿಸಲಿಲ್ಲ. ಮುಂದೆ ಬಳ್ಳಿ ತುಂಬಿದ ಟ್ರ್ಯಾಕ್ಟರೊಂದು ತೆವಳುತ್ತಿತ್ತು. ಹಿಂದಿಕ್ಕಲು ಬೇಕಾದಷ್ಟು ಜಾಗವಿತ್ತು. ಅವಳು ಹಿಂದಿಕ್ಕಲಿಲ್ಲ. ಟ್ರ್ಯಾಕ್ಟರಿನವನೇ ಎರಡು ಸಲ ಕೈ ಬೀಸಿ ‘ಹೋಗು ಹೋಗು’ ಅಂದ. ಆಗಲೂ ಇಲ್ಲ.

“ನೀರಿನ ಬಿಸಿ ತೋರಿಸೋ ಮುಳ್ಳು ಎದ್ದು ಆಗಲೇ ಹೊತ್ತಾಯ್ತಲ್ಲ,” ಅಂದರು ಮುದುಕ, ಕಿಟಕಿಯ ಹೊರಗೆ ನೋಡುತ್ತಾ. ಕೆಣಕುತ್ತಿದ್ದಾರೋ ಪರೀಕ್ಷೆ ಮಾಡುತ್ತಿದ್ದಾರೋ ತಿಳಿಯುವಂತಿರಲಿಲ್ಲ.

“ನೀರು ಬೇಗ ಬಿಸಿಯಾಗುತ್ತೆ. ಎಣ್ಣೆ ಸೋಮಾರಿ,” ಅಂದಳು ಬುರ್ಗಿ. “ಎಣ್ಣೆ ಏಳಲಿ. ಅದಕ್ಕೆ ಮುಂಚೆ ಒತ್ತಿದ್ರೆ ಎಂಜಿನ್ ಸವೆಯುತ್ತೆ.”

“ಟ್ರ್ಯಾಕ್ಟರಿನ ಹೊಗೆ ಕುಡೀಬೇಕಾಗುತ್ತೆ.”

“ನಿಮ್ಮ ಕಾರು ಇಪ್ಪತ್ತು ವರ್ಷ ಕಾದಿದೆ. ನಾನು ಮೂರು ವರ್ಷ ಕಾದಿದ್ದೀನಿ. ಇನ್ನು ನಾಲ್ಕು ನಿಮಿಷಕ್ಕೆ ಏನು?”

ಅಲ್ಲಿಯವರೆಗೂ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ಹಾಸಲ್‌ಬೆಕ್ ಅವರ ಕೈ ಜಾರಿ ತೊಡೆಯ ಮೇಲೆ ಬಂತು.

ಸುತ್ತು ತೋರಿಸುವ ಮೀಟರಿನ ಕೆಳಗೆ ಎಣ್ಣೆಗೇ ಒಂದು ಮುಳ್ಳಿತ್ತು. ಅದು ಎದ್ದಿತು, ಎಂಬತ್ತು ಡಿಗ್ರಿ ಮುಟ್ಟಿತು. ಬುರ್ಗಿ ಕನ್ನಡಿ ನೋಡಿದಳು, ಮೂರನೆಯ ಗೇರಿಗೆ ಇಳಿಸಿದಳು, ಆಕ್ಸಿಲರೇಟರ್ ಒತ್ತಿದಳು.

ಅಯ್ಯಪ್ಪಾ, ಆ ಸದ್ದು! ಐದು ಸಾವಿರದವರೆಗೆ ಗೊಣಗುತ್ತಿದ್ದ ಎಂಜಿನ್ ಅಲ್ಲಿಂದಾಚೆ ಗಂಟಲು ಬಿಚ್ಚಿ ಹಾಡಿತು. ಟ್ರ್ಯಾಕ್ಟರು ಕನ್ನಡಿಯಲ್ಲಿ ಹುಳುವಾಯಿತು. ಏಳು ಸಾವಿರ. ನಾಲ್ಕನೆಯದು. ಗುಡ್ಡದ ತಿರುವು ಬಂತು. ಅವಳು ತಿರುವಿಗೆ ಮುಂಚೆಯೇ ಬ್ರೇಕು ಮುಗಿಸಿ, ಒಳಗೆ ಒಂದೇ ಒಂದು ಸಲ ಸ್ಟೇರಿಂಗ್ ತಿರುಗಿಸಿದಳು. ನಲವತ್ತು ಜನ ನಿಂತಿರುವ ಬಸ್ಸಿನಲ್ಲಿ ಒಬ್ಬರ ಕೈಯಲ್ಲಿನ ಕಾಫಿಯೂ ಚೆಲ್ಲಬಾರದು ಅಂತ ಇಪ್ಪತ್ತೆರಡು ವರ್ಷ ತಿರುಗಿಸಿದ ಕೈ ಅದು. ಕಾರಿಗೆ ಆ ಕೈ ಗೊತ್ತಾಯಿತು. ಮೂರು ವರ್ಷದಿಂದ ಎದೆಯಲ್ಲಿ ಮಡಚಿಟ್ಟುಕೊಂಡಿದ್ದದ್ದೇನೋ ಬಿಚ್ಚಿಕೊಂಡು, ಬುರ್ಗಿ ಒಬ್ಬಳೇ ಇದ್ದವಳಂತೆ ಗಟ್ಟಿಯಾಗಿ ನಕ್ಕಳು.

ವಾಪಸು ಬರುವಾಗ ಕೊನೆಯ ಎರಡು ಕಿಲೋಮೀಟರು ನಿಧಾನವಾಗಿ ಬಂದು, ಅಂಗಳದಲ್ಲಿ ಒಂದು ನಿಮಿಷ ಎಂಜಿನ್ ಹಾಗೇ ಬಿಟ್ಟು ಆಮೇಲೆ ಆರಿಸಿದಳು.

ಹಾಸಲ್‌ಬೆಕ್ ಇಳಿಯಲಿಲ್ಲ. “ನಾಲ್ಕು ಜನ ಬಂದಿದ್ರಮ್ಮ,” ಅಂದರು. “ಒಬ್ಬನಂತೂ ದೊಡ್ಡ ಎಂಜಿನಿಯರು. ನಾಲ್ಕೂ ಜನ ಎಣ್ಣೆ ಏಳೋ ಮುಂಚೆ, ಬೇಕರಿ ತಿರುವಿನಲ್ಲೇ ಒತ್ತಿದ್ರು. ಜಾಹೀರಾತಿನಲ್ಲಿ ಹತ್ತೊಂಬತ್ತು ಸಾವಿರ ಅಂತ ಬರೆದಿದ್ದೆ. ಅದರಲ್ಲಿ ಒಂದು ಪೈಸೆ ಬಿಡಲ್ಲ.”

“ಒಂದು ಪೈಸೆ ಬಿಡಿ ಅಂತ ನಾನು ಕೇಳಲ್ಲ,” ಅಂದಳು ಬುರ್ಗಿ. ಕೈ ಚಾಚಿದಳು. ಅವರು ಹಿಡಿದು ಕುಲುಕಿದರು.

ಅಡುಗೆಮನೆಯಲ್ಲಿ ಕೊರ್ಬಿನಿಯನ್ ಪ್ಲಮ್ ಹಣ್ಣಿನ ಕೇಕಿನ ಎರಡನೆಯ ತುಂಡು ತಿನ್ನುತ್ತಿದ್ದ. ಆಫ್ರಾ ಅವನಿಗೆ ಕಾಫಿ ಬಗ್ಗಿಸುತ್ತಿದ್ದಳು.

“ನೋಡಿ ಅಜ್ಜಾ,” ಅಂದ ಅವನು, ಬಾಯಿ ಒರೆಸಿಕೊಂಡು, “ಆದದ್ದು ಆಯ್ತು. ಹದಿನಾರು ಸಾವಿರ. ಕೈ ಮೇಲೆ ನಗದು. ಈ ದರಿದ್ರ ಗೇರಿಗೆ ಇದಕ್ಕಿಂತ ಯಾವನೂ ಕೊಡಲ್ಲ.”

“ಹತ್ತೊಂಬತ್ತಕ್ಕೆ ಮಾತಾಗಿದೆ ಅಣ್ಣ. ಕೈ ಕೊಟ್ಟಾಯ್ತು,” ಅಂದಳು ಬುರ್ಗಿ.

ಅವನು ಚಮಚ ಕೆಳಗಿಟ್ಟ. “ಕೈ ಕೊಟ್ಟಾಯ್ತಾ? ನನ್ನನ್ನ ಕೇಳದೆ?”

“ನಿನ್ನನ್ನ ಏನು ಕೇಳೋದು?”

“ಏನು ಕೇಳೋದಾ! ಇಡೀ ಭಾನುವಾರ ಹಾಳುಮಾಡ್ಕೊಂಡು ಬಂದಿದ್ದೀನಿ. ಮೂರು ಸಾವಿರ ಇಳಿಸಿ ಕೊಡ್ತಿದ್ದೆ ನಿನಗೆ. ಬಂದ ಬೆಲೆಗೇ ಹೂಂ ಅಂದ್ಯಲ್ಲೇ, ಪೆದ್ದಿ! ನಾಳೆ ನಮ್ಮ ಪೇಟೆಯಲ್ಲಿ ನಗ್ತಾರೆ, ಕೊರ್ಬಿನಿಯನ್ ತಂಗಿ ಬಾಯಿ ಮುಚ್ಕೊಂಡು ಪೂರ್ತಿ ಕೊಟ್ಟಳು ಅಂತ.”

“ನಗಲಿ. ಚೆನ್ನಾಗಿ ಇಟ್ಟಿದ್ದಕ್ಕೆ ಅವರು ಕೇಳಿದ್ದಾರೆ, ಚೆನ್ನಾಗಿದೆ ಅಂತ ನಾನು ಕೊಡ್ತಿದ್ದೀನಿ. ನೀನು ಸರಕನ್ನ ಬೈದು ಬೈದು ಕೊಳ್ಳೋನು. ನನಗೆ ಬೈದು ಕೊಂಡ ಕಾರು ಬೇಡ.”

“ಐವತ್ತು ವರ್ಷದ ಬಸ್ ಡ್ರೈವರಿಗೆ ರೇಸ್ ಕಾರು! ಅಪ್ಪ ಇದ್ದಿದ್ರೆ ನಗ್ತಿದ್ದ.”

ಬುರ್ಗಿಯ ಮುಖಕ್ಕೆ ರಕ್ತ ನುಗ್ಗಿತು. “ಹೌದು ಕಣೋ, ಬಸ್ ಡ್ರೈವರ್! ಇಪ್ಪತ್ತೆರಡು ವರ್ಷ, ಒಂದು ಗೀರು ಬಿದ್ದಿಲ್ಲ ನನ್ನ ಬಸ್ಸಿಗೆ. ನೀನು ಹತ್ತು ಗಜ ಓಡಿಸಿದೆ. ಅದೂ ಹಿಂದಕ್ಕೆ!”

ಆಫ್ರಾ ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟು ಒಲೆಯ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

ಕೊರ್ಬಿನಿಯನ್ ಎದ್ದು ನಿಂತ. “ಸರಿ. ಸಹಿ ಹಾಕು. ಆದ್ರೆ ಮನೆಗೆ ಹೇಗೆ ಒಯ್ತೀಯ? ಕೊಂಡ ಕಾರು ಒಯ್ಯೋಕೆ ವ್ಯಾಪಾರಿಗಳಿಗೆ ಕೊಡೋ ಕೆಂಪು ನಂಬರ್ ಪ್ಲೇಟು ನನ್ನ ಗಾಡಿಯಲ್ಲಿದೆ. ಅದು ನನ್ನದು. ಹದಿನಾರಕ್ಕೆ ಮಾತಾದ್ರೆ ಪ್ಲೇಟು ಉಂಟು. ಇಲ್ಲಾಂದ್ರೆ ತಳ್ಕೊಂಡು ಹೋಗು.”

ಬುರ್ಗಿ ಅದನ್ನು ಯೋಚಿಸಿರಲಿಲ್ಲ. ಮಾರಿದವರು ತಮ್ಮ ನಂಬರು ಕಳಚಿಕೊಳ್ಳುವುದು ವಾಡಿಕೆ, ನಂಬರಿಲ್ಲದೆ ಕಾರು ಗೇಟು ದಾಟುವಂತಿಲ್ಲ. ನಾಳೆ, ನಾಡಿದ್ದು ಅಂತ ಬಿಟ್ಟು ಹೋದರೆ ಅಣ್ಣ ಇನ್ನೇನು ಕಡ್ಡಿ ಆಡಿಸುತ್ತಾನೋ.

“ನನ್ನ ನಂಬರು ಇನ್ನೂ ಕಾರಿನ ಮೇಲೇ ಇದೆ,” ಅಂದರು ಹಾಸಲ್‌ಬೆಕ್. ಕಾಗದ ಬಿಡಿಸಿ, ಕನ್ನಡಕ ಏರಿಸಿ, ಬುರ್ಗಿಯ ಮುಂದೆ ಪೆನ್ನು ಇಟ್ಟರು. “ಅದರಲ್ಲೇ ತಗೊಂಡು ಹೋಗಮ್ಮ. ಇನ್ಶೂರೆನ್ಸು ನನ್ನದೇ ಇರಲಿ. ಈ ವಾರದೊಳಗೆ ನಿನ್ನ ಹೆಸರಿಗೆ ಮಾಡಿಸ್ಕೋ. ಅಲ್ಲಿತನಕ ನೀನು ಯಾರಿಗಾದ್ರೂ ಗುದ್ದಿದ್ರೆ ನನ್ನ ತಲೆಗೆ.”

“ರೀ!” ಅಂದಳು ಆಫ್ರಾ. “ಇಪ್ಪತ್ತು ವರ್ಷದಲ್ಲಿ ನನ್ನನ್ನ ಅದರಲ್ಲಿ ಚರ್ಚಿನ ತನಕ ಓಡಿಸೋಕೆ ಬಿಟ್ಟಿಲ್ಲ ನೀವು!”

“ನೀನು ಬೇಕರಿ ತಿರುವಿನಲ್ಲಿ ಒತ್ತುತ್ತೀಯ ಕಣೇ.”

ಕೊರ್ಬಿನಿಯನ್ ಒಬ್ಬೊಬ್ಬರ ಮುಖವನ್ನೂ ನೋಡಿದ. ತಂಗಿಯ ಮುಖವನ್ನು ಹೆಚ್ಚು ಹೊತ್ತು ನೋಡಿದ. ಅವಳೀಗ ನೆಲ ನೋಡುತ್ತಿರಲಿಲ್ಲ.

“ಬುರ್ಗಿ. ಆ ಪೆನ್ನು ಮುಟ್ಟಿದ್ರೆ ನಾನು ಹೊರಟೆ. ಮುಂದೆ ಎಣ್ಣೆ ಬದಲಿಸೋಕೆ ಕೂಡ ನನ್ನ ಗ್ಯಾರೇಜಿಗೆ ಬರಬೇಡ.”

“ಎಣ್ಣೆ ನಾನೇ ಬದಲಿಸ್ತೀನಿ,” ಅಂದಳು ಬುರ್ಗಿ. ಪೆನ್ನು ತೆಗೆದುಕೊಂಡಳು.

ಅವನು ಜಾಕೆಟ್ಟು ಎಳೆದುಕೊಂಡ, ಬಾಗಿಲು ತೆಗೆದ, ಹಾಗೇ ಬಿಟ್ಟು ಹೋದ. ಅಂಗಳದಲ್ಲಿ ಅವನ ಡೀಸೆಲ್ ಗಾಡಿ ಶುರುವಾದ ಸದ್ದು ಬಂತು. ಶುರುವಾದ ಕೂಡಲೇ ಕಿರುಚಿತು. ಹಾಸಲ್‌ಬೆಕ್ ಮುಖ ಹಿಂಡಿದರು.

“ತಿರುವಿನ ತನಕ ಹೋಗಿ ಬರ್ತಾರೆ ಬಿಡು,” ಅಂದಳು ಆಫ್ರಾ. “ಇಷ್ಟು ದೊಡ್ಡ ತುಂಡು ಕೇಕು ಬಿಟ್ಟು ಯಾರಾದ್ರೂ ಹೋಗ್ತಾರಾ?”

ಬುರ್ಗಿ ತನ್ನ ಹೆಸರನ್ನು ದಪ್ಪಕ್ಷರದಲ್ಲಿ, ಗೆರೆ ಮೀರುವಷ್ಟು ದೊಡ್ಡದಾಗಿ ಬರೆದಳು. ಎರಡು ಪ್ರತಿಗೂ ಸಹಿ ಹಾಕಿದಳು. ಆಮೇಲೆ ಹಾಸಲ್‌ಬೆಕ್ ಕಡತದ ಮೊದಲ ಪುಟದಿಂದ ಶುರುಮಾಡಿ, ಯಾವ ಬೋಲ್ಟು ಯಾವಾಗ ಬದಲಿಸಿದ್ದು ಅಂತ ಒಂದೊಂದಾಗಿ ಹೇಳುತ್ತಾ ಹೋದರು. ಅವಳು ಒಂದೊಂದನ್ನೂ ಕೇಳಿಸಿಕೊಂಡಳು. ಆಫ್ರಾ ಎರಡು ಸಲ ಕಿಟಕಿಗೆ ಹೋಗಿ ಬಂದಳು.

ತೊಂಬತ್ತೆಂಟನೆಯ ಇಸವಿಯ ರಸೀದಿಗೆ ಬರುವ ಹೊತ್ತಿಗೆ ಕಾಫಿ ಆರಿಹೋಗಿತ್ತು. ಆಫ್ರಾ ಹಿಂದಿರುಗದ ಕೊರ್ಬಿನಿಯನ್‌ನ ತಟ್ಟೆ ಎತ್ತಿ, ಉಳಿದ ಕೇಕನ್ನು ಕೋಳಿಗಳಿಗೆ ಹಾಕಿದಳು.